ಕುಂಬಳಕಾಯಿ ಎಂಬ ಪಿಸುಮಾತು

ಭಾನುವಾರ, ಮಧ್ಯಾಹ್ನ

ಸಭಾಸದರೇ! ಮಹಾಜನರೇ! ಮುಂದಿನ ಸಾಲಿನ ಹಿರಿಯರೇ, ಹಿಂದಿನ ಸಾಲಿನ ಸಿಳ್ಳೆಗಾರರೇ, ಕಿಟಕಿಗೆ ಜೋತುಬಿದ್ದು ಪುಕ್ಕಟೆ ನೋಡುವವರೇ! ಸದ್ದು! ಸದ್ದು!

ಪುಸ್ತಕದಮ್ಮ, ನಗಬೇಡ. ಕಾಗದ ನಿನ್ನ ಹೆಸರಿಗೆ ಬಂದರೂ ನೀನೊಬ್ಬಳೇ ಓದುವುದಿಲ್ಲ ಎಂಬುದು ನನಗೆ ಗೊತ್ತು. ನಿನ್ನ ಅಕ್ಕನಿಗೆ ಕಣ್ಣು ಮಂಜು. ಮನೆಗೆ ಬಂದ ಕಾಗದಗಳನ್ನೆಲ್ಲ ನೀನು ನಡುಮನೆಯಲ್ಲಿ ಕೂತು ಗಟ್ಟಿಯಾಗಿ ಓದಿ ಹೇಳುತ್ತೀಯ. ಅಕ್ಕನ ಸೊಸೆ ಒಲೆ ಸಣ್ಣಗೆ ಮಾಡಿ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಪಕ್ಕದ ಮನೆಯ ಟೀಚರಮ್ಮ ಕಾಂಪೌಂಡಿನ ಮೇಲಿಂದ ಕತ್ತು ಚಾಚುತ್ತಾರೆ. ಹಾಗಾಗಿ ನನಗೆ ಸಭೆ ಇದ್ದೇ ಇದೆ. ಸಭೆಯಿದ್ದ ಮೇಲೆ ರಾಜಪಾರ್ಟಿನವನು ಮೆಲ್ಲಗೆ ಮಾತಾಡುವುದುಂಟೇ?

ಮೊದಲು ಸಭೆಗೆ ಹಿಂದಿನ ಕಥೆ. ಈಕೆ ನನ್ನ ಹೆಂಡತಿ. ಮೂವತ್ತು ವರ್ಷ ಪರದೆಯ ಪಕ್ಕ ಪುಸ್ತಕ ಹಿಡಿದು ಕೂತು, ಮಾತು ಮರೆತ ನಟರಿಗೆಲ್ಲ ಪಿಸುಗುಟ್ಟಿ ಎತ್ತಿಕೊಟ್ಟವಳು. ಕೊನೆಯ ಆಟದ ದಿನ ನನಗೆ ಮಾತು ತಪ್ಪಿತು. ಈಕೆ ಎತ್ತಿಕೊಡಲಿಲ್ಲ. ಒಳಗೆ ಕೂತವರು ಪುಸ್ತಕವನ್ನೇ ತಲೆದಿಂಬು ಮಾಡಿಕೊಂಡು ಮಲಗಿದ್ದಾರೆ ಎಂದು ನಾನು ಜನರೆದುರು ಹಂಗಿಸಿದೆ. ಜನ ಚಪ್ಪಾಳೆ ತಟ್ಟಿದರು. ಮರುದಿನ ಈಕೆ ಪೆಟ್ಟಿಗೆ ಕಟ್ಟಿ ಅಕ್ಕನ ಮನೆಗೆ ಹೊರಟಳು. ತಪ್ಪು ಇವಳದೆಂದೇ ಮೂರು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಸದ್ಯಕ್ಕೆ ಸಭೆಗೂ ಅದೇ.

ಈಗ ನೀನು ವಕೀಲರ ಕೈಲಿ ಕಳಿಸಿದ ಬಿಡುಗಡೆಯ ಕಾಗದದ ವಿಷಯ. ಅದು ನನ್ನ ಬಣ್ಣದ ಪೆಟ್ಟಿಗೆಯಲ್ಲಿ, ಕಿರೀಟದ ಅಡಿಯಲ್ಲಿ ಭದ್ರವಾಗಿದೆ. ಒಂದು ಕಡೆ ನಿನ್ನ ಸಹಿ, ಮುತ್ತು ಪೋಣಿಸಿದ ಹಾಗೆ. ಇನ್ನೊಂದು ಕಡೆ ನನ್ನ ಜಾಗ ಖಾಲಿ. ತಿಂಗಳ ಕೊನೆಯೊಳಗೆ ನಾನು ಸಹಿ ಮಾಡಿದರೆ ನಾವು ಗಂಡ ಹೆಂಡಿರಲ್ಲ. ಉಳಿದಿರುವುದು ಎಂಟು ದಿನ. ದಿನಾ ಬೆಳಿಗ್ಗೆ ಪೆಟ್ಟಿಗೆ ತೆರೆಯುತ್ತೇನೆ, ಪೆನ್ನಿನ ಮುಚ್ಚಳ ತೆಗೆಯುತ್ತೇನೆ, ಮತ್ತೆ ಮುಚ್ಚುತ್ತೇನೆ.

ನಿನ್ನ ಕೋಣೆ ಖಾಲಿ ಬಿದ್ದಿದ್ದನ್ನು ನೋಡಲಾರದೆ ನಾನು ಅದನ್ನು ಪ್ರವಾಸಿಗರಿಗೆ ತೆರೆದೆ. ಎದುರುಮನೆಯ ಟೈಲರ್ ತನ್ನ ಫೋನಿನಲ್ಲಿ ಅದೇನೋ ಒತ್ತಿ, ಕೋಣೆಯ ಚಿತ್ರ ಹಾಕಿಕೊಟ್ಟ. ಸೈಕಲ್ ಮೇಲೆ ದೇಶ ಸುತ್ತುವವನೊಬ್ಬ ಬಂದು ಹಾಸಿಗೆಯ ಮೇಲೆ ಚೈನು ಬಿಚ್ಚಿಟ್ಟು ಹೋದ. ಹಕ್ಕಿಗಳ ಕೂಗು ಹಿಡಿದಿಡುವ ಗಂಡ ಹೆಂಡತಿ ಬಂದರು. ಹಳೆಯ ಬಸ್ ಟಿಕೆಟ್ ಕೂಡಿಡುವ ಮುದುಕರೊಬ್ಬರು ನಮ್ಮ ಮಂಚದ ಕೆಳಗೆ ಒಂದು ಟಿಕೆಟ್ ಹುಡುಕಿ ತೆಗೆದು ಮಗು ಸಿಕ್ಕಿದಂತೆ ಅತ್ತರು. ನಾನು ಊರು ಬಿಡಲಿಲ್ಲ ಮಹಾಜನರೇ, ಊರುಗಳೇ ಬಂದು ನಮ್ಮ ಮನೆಯಲ್ಲಿ ಮಲಗಿ ಎದ್ದು ಹೋದವು!

ಇಂತಿಪ್ಪ ಸಮಯದಲ್ಲಿ, ಕಳೆದ ಸೋಮವಾರ, ಪ್ರವೇಶ ಮಾಡಿದಳು ಆಕೆ.

ಮೂವತ್ತರ ಆಸುಪಾಸಿನ ಹೆಣ್ಣು. ಬೆನ್ನಿಗೊಂದು ಚೀಲ, ಕೈಯಲ್ಲೊಂದು ನಕ್ಷೆ. ನಿಮ್ಮೂರಿನ ಗೋಡೆ ಚಿತ್ರಗಳನ್ನು ನೋಡಲು ಬಂದಿದ್ದೇನೆ ಎಂದಳು. ನನಗೆ ಅಲ್ಲೇ ಅನುಮಾನ. ಅರಮನೆ ನೋಡಲು ಬರುವವರುಂಟು, ಕಡಲು ನೋಡಲು ಬರುವವರುಂಟು. ಬಸ್ ಡಿಪೋದ ಗೋಡೆ ನೋಡಲು ದುಡ್ಡು ಖರ್ಚು ಮಾಡಿ ಯಾರು ಬರುತ್ತಾರೆ?

ಮಂಗಳವಾರ ಅನುಮಾನ ಎರಡು ಪಟ್ಟಾಯಿತು. ಹಿತ್ತಲಿಗೆ ಹೋಗಿ ನೋಡಿದರೆ, ಆಕೆ ನಮ್ಮ ಪಶ್ಚಿಮದ ಗೋಡೆಗೆ ಟೇಪು ಹಿಡಿದು ಅಳೆಯುತ್ತಿದ್ದಾಳೆ! ಬೆರಳಿನಿಂದ ಕುಟ್ಟುತ್ತಾಳೆ, ಅಂಗೈ ಇಟ್ಟು ನೋಡುತ್ತಾಳೆ, ಪುಟ್ಟ ಪುಸ್ತಕದಲ್ಲಿ ಬರೆದುಕೊಳ್ಳುತ್ತಾಳೆ. ಓಡಿ ಹೋಗಿ ಟೈಲರನಿಗೆ ಹೇಳಿದೆ. ಅವನು ಬಾಯಲ್ಲಿದ್ದ ಗುಂಡುಪಿನ್ನು ತೆಗೆದು, "ಗುಡುಗಣ್ಣ, ಅಳತೆ ತಗೊಳ್ಳೋರು ಸುಮ್ನೆ ತಗೊಳ್ಳಲ್ಲ. ಅಳತೆ ಆದ್ಮೇಲೆ ಕತ್ತರಿ ಬರುತ್ತೆ" ಎಂದ. ಮನೆ ಕೆಡವುವವರ ಕಡೆಯವಳೋ? ಇಲ್ಲ, ನಾನು ಸಹಿ ಮಾಡದೆ ಏನು ಮಾಡುತ್ತಿದ್ದೇನೆಂದು ನೋಡಲು ನಿನ್ನ ವಕೀಲರು ಬಿಟ್ಟ ಗೂಢಚಾರಿಣಿಯೋ?

ಪತ್ತೆ ಮಾಡಲೇಬೇಕೆಂದು, ನಾನೇ ದಾರಿ ತೋರಿಸುತ್ತೇನೆ ಬಾ ಎಂದು ಬುಧವಾರದಿಂದ ಆಕೆಯ ಜೊತೆ ಹೊರಟೆ. ಕಣ್ಣಿಗೆ ಬಿದ್ದದ್ದನ್ನೆಲ್ಲ ಗಂಟು ಕಟ್ಟಿಟ್ಟುಕೊಂಡೆ. ಒಂದು, ಆಕೆ ಬೆಕ್ಕಿನ ಹಾಗೆ ಬರುತ್ತಾಳೆ. ಹೆಜ್ಜೆ ಸಪ್ಪಳವೇ ಇಲ್ಲ, ತಿರುಗಿದರೆ ಪಕ್ಕದಲ್ಲೇ ನಿಂತಿರುತ್ತಾಳೆ. ಎರಡು, ಫೋನಿನಲ್ಲಿ ತುಟಿ ಮಾತ್ರ ಆಡಿಸುತ್ತಾಳೆ, ದನಿ ಹೊರಡಿಸುವುದಿಲ್ಲ. ಮೂರು, ಎಲ್ಲೇ ನಡೆದರೂ ಸರಕ್ಕನೆ ನನ್ನ ಬಲಗಡೆಗೇ ಬಂದು ಸೇರಿಕೊಳ್ಳುತ್ತಾಳೆ. ನನ್ನ ಬಲ ಜೇಬಿನಲ್ಲಿ ಮನೆಯ ಬೀಗದ ಕೈ! ಜೇಬಿನ ಮೇಲೆ ಕೈ ಇಟ್ಟುಕೊಂಡೇ ಇಡೀ ಊರು ಸುತ್ತಿದೆ.

ಆದರೆ ಪುಸ್ತಕದಮ್ಮ, ನಿಜ ಹೇಳಲೇ? ಊರೆಂದರೆ ಅದು ಊರು! ನಲವತ್ತು ವರ್ಷ ಮನೆಯಿಂದ ರಂಗಮಂದಿರ, ರಂಗಮಂದಿರದಿಂದ ಮನೆ ಎಂದು ಗಾಣದೆತ್ತಿನಂತೆ ಓಡಾಡಿದವನು ನಾನು. ಡಿಪೋದ ಗೋಡೆಯ ಮೇಲೆ ಬಸ್ಸಿನಷ್ಟು ದೊಡ್ಡ ಎರಡು ಕೈಗಳು ಸೂಜಿಗೆ ದಾರ ಪೋಣಿಸುತ್ತಿವೆ. ಆ ದಾರ ಗೋಡೆಯುದ್ದಕ್ಕೂ ಓಡಿ, ಕೊನೆಗೆ ಒಂದು ನಿಜವಾದ ಬಿರುಕಿನೊಳಗೆ ಹೋಗಿ ಅದನ್ನು ಹೊಲಿಯುತ್ತದೆ. ಟೈಲರನನ್ನು ಕರೆತಂದು ತೋರಿಸಿದೆ. ಅವನು ಕಣ್ಣು ಕಿರಿದು ಮಾಡಿ, "ಹೊಲಿಗೆ ಸ್ವಲ್ಪ ಉದ್ದ ಆಯ್ತು" ಎಂದ. ಅವನ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ನೀರಿನ ಪಂಪುಮನೆಯ ಹಿಂದೆ ಅರೆ ತೆರೆದ ಹಸಿರು ಬಾಗಿಲು. ಒಳಗೆ ಯಾರೋ ಇದ್ದಾರೆಂದು ನಾನು ತಟ್ಟಿದೆ. ಬೆರಳ ಗೆಣ್ಣು ತರಚಿತು. ಗೋಡೆ! ನಾಟಕದ ಬಟ್ಟೆಯ ಬಾಗಿಲುಗಳಲ್ಲಿ ಹೋಗಿ ಬಂದು ಮುದುಕನಾದವನು ಬಣ್ಣದ ಬಾಗಿಲಿಗೆ ಮೋಸ ಹೋದೆ. ಆಕೆ ನಕ್ಕು, "ಯಜಮಾನ್ರೇ, ಒಳಗಿನವರು ಊಟಕ್ಕೆ ಹೋಗಿರಬೇಕು, ಆಮೇಲೆ ಬರೋಣ" ಎಂದಳು. ನಾನೂ ನಕ್ಕೆ. ನಗುತ್ತಲೇ ಜೇಬು ಮುಟ್ಟಿ ನೋಡಿಕೊಂಡೆ.

ಪ್ರತಿ ಚಿತ್ರದ ಬಳಿಯೂ ಆಕೆ ಬಣ್ಣವನ್ನು ಉಗುರಿನಿಂದ ಕೆರೆದು, ಬಿಸಿಲು ಯಾವ ಕಡೆಯಿಂದ ಬೀಳುತ್ತದೆಂದು ನೋಡಿ ಬರೆದುಕೊಳ್ಳುತ್ತಿದ್ದಳು. ಶುಕ್ರವಾರ ಆಕೆ ಸ್ನಾನಕ್ಕೆ ಹೋದಾಗ, ತಪ್ಪೋ ಒಪ್ಪೋ, ಆ ಪುಸ್ತಕ ತೆರೆದೆ. "ಪಶ್ಚಿಮ ಗೋಡೆ ಹದಿನೆಂಟು ಅಡಿ. ಬಿಸಿಲು ಜಾಸ್ತಿ. ಗಾರೆ ಗಟ್ಟಿ." ಅದರ ಕೆಳಗೆ ಬೇರೆಯಾಗಿ, ಗೆರೆ ಎಳೆದು: "ಎಡಗಡೆ ಪೂರ್ತಿ ಹೋಗಿದೆ. ಬಲಗಡೆ ಪರವಾಗಿಲ್ಲ. ಯಾರಿಗೂ ಗೊತ್ತಿಲ್ಲ ಅನ್ನಿಸುತ್ತೆ."

ಅಯ್ಯೋ ವಿಧಿಯೇ! ಮನೆಯ ಎಡಗಡೆ ಪೂರ್ತಿ ಹೋಗಿದೆಯೇ? ನಾನೂ ಟೈಲರನೂ ಕೊಡೆಯ ತುದಿಯಿಂದ ಎಡಗಡೆಯ ಗೋಡೆಯನ್ನು ಮೂಲೆ ಮೂಲೆಗೂ ಚುಚ್ಚಿ ನೋಡಿದೆವು. ಒಂದು ಚೂರು ಉದುರಲಿಲ್ಲ. ಕೊಡೆಯೇ ಬಾಗಿತು.

ನಿನ್ನೆ ಶನಿವಾರ, ಬೆಳಿಗ್ಗೆ ಹನ್ನೊಂದು ಗಂಟೆ. ರೈಲು ಸೇತುವೆಯ ಕೆಳಗಿನ ನಡೆದಾರಿ. ಒಳಗೆ ಹೋದವನು ಹಾಗೇ ನಿಂತುಬಿಟ್ಟೆ. ಗೋಡೆಯ ತುಂಬ ಜನ! ಸಾಲು ಸಾಲು ಕುರ್ಚಿ, ಕುರ್ಚಿಗೊಂದು ಮುಖ. ಬಾಯಿ ತೆರೆದು ಕೂತವರು, ಆಕಳಿಸುವವರು, ಮಗುವನ್ನು ಸಮಾಧಾನ ಮಾಡುವ ತಾಯಿ, ಎದ್ದು ಹೊರಟ ಒಬ್ಬ ಕಿಡಿಗೇಡಿ. ಯಾರೋ ಒಬ್ಬ ಪುಣ್ಯಾತ್ಮ ಒಂದು ರಂಗಮಂದಿರದ ಪ್ರೇಕ್ಷಕರನ್ನೆಲ್ಲ ಬರೆದುಬಿಟ್ಟಿದ್ದಾನೆ. ಮೂರು ವರ್ಷದಿಂದ ನಾನು ಕಾಣದ ಸಭೆ! ನನಗೆ ಮೈಮೇಲಿನ ಎಚ್ಚರ ತಪ್ಪಿತು. ಎದೆ ಸೆಟೆಯಿತು, ಕೈ ತಾನಾಗಿ ಮೇಲೆದ್ದಿತು. ನನ್ನ ಹಳೆಯ ಮಾತು ಹೊರಟಿತು: "ಸುತ್ತ ನಿಂತ ಸಾಮಂತರೇ! ನನ್ನ ಕಿರೀಟ ಕಸಿಯಬಲ್ಲಿರಿ, ನನ್ನ ಖಡ್ಗ ಮುರಿಯಬಲ್ಲಿರಿ. ಆದರೆ ಈ... ಈ..."

ಅಲ್ಲೇ. ಅದೇ ಜಾಗ. ನನ್ನ ಜನ್ಮಕ್ಕಂಟಿದ ಗುಂಡಿ. ಮುಂದಿನ ಮಾತು "ಕುಂಭಿನಿಯೇ ಬಾಯ್ದೆರೆದು ನುಂಗಿದರೂ" ಎಂದು. ಕುಂಭಿನಿ ಎಂದರೆ ಭೂಮಿ ಎಂದು ಗೊತ್ತು, ಬಾಯಿಗೆ ಮಾತ್ರ ಬರುವುದಿಲ್ಲ. ಕುಂಭಿನಿ ಎಂದೇ ಎತ್ತಿಕೊಟ್ಟರೆ ಇನ್ನಷ್ಟು ತಡವರಿಸುತ್ತೇನೆಂದು ನೀನೊಂದು ಉಪಾಯ ಹೂಡಿದ್ದೆ. ನಮ್ಮಿಬ್ಬರನ್ನು ಬಿಟ್ಟು ಮೂರನೆಯವರಿಗೆ ಗೊತ್ತಿಲ್ಲದ ಉಪಾಯ.

ಆಗ ನನ್ನ ಬಲಗಡೆಯಿಂದ, ಸ್ಪಷ್ಟವಾಗಿ, ಪಿಸುಮಾತು: "ಕುಂಬಳಕಾಯಿ."

ನನ್ನ ಬಾಯಿಂದ ಕುಂಭಿನಿ ಸಿಡಿದು ಹೊರಬಿತ್ತು. ಇಡೀ ಸುರಂಗ ಗುಡುಗಿತು. ಅತ್ತ ಕಡೆಯಿಂದ ತರಕಾರಿ ಚೀಲ ಹಿಡಿದು ಬರುತ್ತಿದ್ದ ಹೆಂಗಸು ಬಂದ ದಾರಿಯಲ್ಲೇ ವಾಪಸ್ಸು ಹೋದಳು. ನಾನು ಮೆಲ್ಲಗೆ ಆಕೆಯ ಕಡೆ ತಿರುಗಿದೆ. "ಕುಂಬಳಕಾಯಿ ಕಳ್ಳಿ!" ಎಂದೆ. ಮಹಾಜನರೇ, ಗಾದೆ ಸುಳ್ಳಾಗಲಿಲ್ಲ. ಆಕೆ ಹೆಗಲು ಮುಟ್ಟಿ ನೋಡಿಕೊಂಡಳು! ಜಾರುತ್ತಿದ್ದ ಚೀಲ ಸರಿಮಾಡಿಕೊಂಡೆ ಎಂದು ಆಮೇಲೆ ಸಬೂಬು ಹೇಳಿದಳು. ಆದರೆ ನಾಲಿಗೆ ಕಚ್ಚಿಕೊಂಡಿದ್ದಕ್ಕೆ ಸಬೂಬು ಸಿಗಲಿಲ್ಲ.

ಅಲ್ಲೇ ಮೆಟ್ಟಿಲ ಮೇಲೆ ಕೂತು ಎಲ್ಲ ಬಾಯಿಬಿಟ್ಟಳು. ಆಕೆ ಗೋಡೆ ಚಿತ್ರ ಬರೆಯುವವಳಂತೆ. ಅಕ್ಕನ ಮನೆಯ ಬೀದಿಯಲ್ಲೇ ಬಾಡಿಗೆಗೆ ಇದ್ದಾಳಂತೆ. ಸಂಜೆಗಳಲ್ಲಿ ನೀನು ಆಕೆಗೆ ನಮ್ಮ ನಾಟಕಗಳ ಕಥೆ ಹೇಳುತ್ತೀಯಂತೆ. ಹೋಗಿ ನಮ್ಮ ಪಶ್ಚಿಮದ ಗೋಡೆ ಚಿತ್ರಕ್ಕೆ ತಡೆಯುತ್ತದೆಯೇ ನೋಡಿ ಬಾ, ಹಾಗೇ ಆ ಮನುಷ್ಯ ಹೇಗಿದ್ದಾನೆಂದೂ ನೋಡಿ ಬಾ, ನಾನು ಕಳಿಸಿದೆ ಎಂದು ಮಾತ್ರ ಹೇಳಬೇಡ ಎಂದೆಯಂತೆ. ಮನೆ ಇಬ್ಬರ ಹೆಸರಿನಲ್ಲಿರುವುದರಿಂದ ಗೋಡೆಗೆ ಬಣ್ಣ ಹಚ್ಚಲು ಇಬ್ಬರ ಒಪ್ಪಿಗೆಯೂ ಬೇಕಂತೆ. ಚೀಲದಿಂದ ಒಂದು ಕಾಗದ ತೆಗೆದಳು. ಅದರಲ್ಲೂ ಒಂದು ಕಡೆ ನಿನ್ನ ಸಹಿ, ಮುತ್ತು ಪೋಣಿಸಿದ ಹಾಗೆ. ಇನ್ನೊಂದು ಕಡೆ ನನ್ನ ಜಾಗ ಖಾಲಿ.

ಈಗ ನನ್ನ ಅನುಮಾನವೆಲ್ಲ ಆಕೆಯನ್ನು ಬಿಟ್ಟು ನಿನ್ನ ಮೇಲೆ ಹಾರಿದೆ. ಒಂದೇ ಕೈ, ಎರಡು ಕಾಗದ. ಒಂದು ನನ್ನನ್ನು ಬಿಡಲು, ಒಂದು ನಮ್ಮ ಗೋಡೆಗೆ ಬಣ್ಣ ಹಚ್ಚಲು. ಬಿಟ್ಟುಹೋಗುವವರು ಗೋಡೆ ಗಟ್ಟಿಯಿದೆಯೇ ಎಂದು ನೋಡಿ ಬರಲು ಕಳಿಸುತ್ತಾರೆಯೇ? ಏನು ಬರೆಸಬೇಕೆಂದಿದ್ದೀಯ ಎಂದು ಕೇಳಿದರೆ ಆಕೆ, "ಅದನ್ನ ಅಮ್ಮನ ಹತ್ರಾನೇ ಕೇಳಿ" ಎನ್ನುತ್ತಾಳೆ. ಎರಡರಲ್ಲಿ ಯಾವ ಸಹಿ ನಿಜ, ಯಾವುದು ನಾಟಕ? ಸಭೆಯೇ ತೀರ್ಪು ಕೊಡಲಿ. ಅಕ್ಕಾ, ನೀವಾದರೂ ಒಂದು ಮಾತು ಹೇಳಿ.

ಇಂತಿ,
ಕಿರೀಟವಿಳಿಸಿದ ರಾಜಪಾರ್ಟು,
ನಿನ್ನ ಗುಡುಗು

ತಾ.ಕ.: ಪುಸ್ತಕದಮ್ಮ, ಇಲ್ಲಿಂದ ಮುಂದೆ ಗಟ್ಟಿಯಾಗಿ ಓದಬೇಡ. ಇದು ಸಭೆಗಲ್ಲ.

ಆ ಪುಸ್ತಕದಲ್ಲಿ "ಎಡಗಡೆ ಪೂರ್ತಿ ಹೋಗಿದೆ" ಎಂದಿದ್ದದ್ದು ಗೋಡೆಯ ವಿಷಯವಲ್ಲ. ನನ್ನ ಕಿವಿಯದು. ಎಡಗಡೆಯಿಂದ ಹತ್ತು ಸಲ ಕರೆದರೂ ನಾನು ತಿರುಗಲಿಲ್ಲವಂತೆ, ಅದಕ್ಕೇ ಆಕೆ ಬಲಗಡೆ ನಡೆಯುತ್ತಿದ್ದದ್ದು. ಆಕೆಯ ಹೆಜ್ಜೆಗೆ ಸಪ್ಪಳ ಇರಲಿಲ್ಲವೆಂದಲ್ಲ, ನನಗೆ ಕೇಳಿಸಲಿಲ್ಲ. ಐದು ವರ್ಷವಾಯಿತು. ನಿನಗೂ ಹೇಳಲಿಲ್ಲ. ಗುಡುಗು ಎನಿಸಿಕೊಂಡವನಿಗೆ ಗುಡುಗೇ ಕೇಳಿಸುವುದಿಲ್ಲ ಎಂದು ತಿಳಿದರೆ ಯಾರು ಪಾತ್ರ ಕೊಡುತ್ತಿದ್ದರು? ನೀನು ಯಾವಾಗಲೂ ಬಲಗಡೆಯ ಪರದೆಯ ಪಕ್ಕ ಕೂರುತ್ತಿದ್ದೆ, ಹೇಗೋ ನಡೆದುಹೋಗುತ್ತಿತ್ತು. ಕೊನೆಯ ಆಟದ ದಿನ ಆ ಕಡೆಯ ಪರದೆಯ ಹಗ್ಗ ಕಿತ್ತುಹೋಗಿ ನೀನು ಎಡಗಡೆಗೆ ಹೋದೆ. ಅಲ್ಲಿಂದ ಮೂರು ಸಲ ಕುಂಬಳಕಾಯಿ ಎಂದೆಯಂತೆ. ಮುಂದಿನ ಸಾಲಿನವರಿಗೆಲ್ಲ ಕೇಳಿಸಿ ಅವರು ನಕ್ಕರಂತೆ. ನನಗೆ ಕೇಳಿಸಲಿಲ್ಲ. ನೀನು ಎತ್ತಿಕೊಟ್ಟಿರುತ್ತೀಯ ಎಂದು ನನಗೆ ಆ ಕ್ಷಣವೇ ಗೊತ್ತಿತ್ತು. ಗೊತ್ತಿದ್ದೂ ನಿನ್ನನ್ನು ಹಂಗಿಸಿದೆ.

ಕಿವಿಯ ಸುದ್ದಿಯನ್ನು ನಿನಗೆ ಹೇಳಬೇಡ, ನಾನೇ ಹೇಳುತ್ತೇನೆ ಎಂದು ಆಕೆಯನ್ನು ಬೇಡಿಕೊಂಡಿದ್ದೇನೆ. ಗೋಡೆಯ ಕಾಗದಕ್ಕೆ ಈಗಷ್ಟೇ ಸಹಿ ಹಾಕಿದೆ. ಇನ್ನೊಂದು ಕಾಗದವನ್ನು ಖಾಲಿಯಾಗಿಯೇ ಚೀಲದಲ್ಲಿಟ್ಟಿದ್ದೇನೆ, ಬೇಕೆಂದರೆ ನಿನ್ನೆದುರೇ ಸಹಿ ಹಾಕುತ್ತೇನೆ. ನಾಳೆ ಬೆಳಿಗ್ಗೆ ಆರೂವರೆಯ ಬಸ್ಸಿಗೆ ಆಕೆಯ ಜೊತೆ ನಾನೂ ಹೊರಡುತ್ತೇನೆ. ಊರೂರಿನವರಿಗೆ ಹಾಸಿಗೆ ಹಾಸಿಕೊಟ್ಟವನ ಮೊದಲ ಪ್ರವಾಸ. ಈ ಕಾಗದವನ್ನು ಆಕೆ ಒಳಗೆ ಬಂದು ನಿನ್ನ ಕೈಗೆ ಕೊಡುತ್ತಾಳೆ. ನೀನು ಇದನ್ನು ಓದಿ ಮುಗಿಸುವವರೆಗೆ ನಾನು ಅಕ್ಕನ ಮನೆಯ ಹೊರಗೆ, ಬಲಗಿವಿಯನ್ನು ಬಾಗಿಲಿಗೆ ಕೊಟ್ಟು ನಿಂತಿರುತ್ತೇನೆ.