ಪ್ರಣಾಲಿಯ ಸ್ಕೂಟಿ

5 ಜನವರಿ 2025, ಭಾನುವಾರ. ಔರಾದ

ಬೆಳಿಗ್ಗೆ ಸ್ಕೂಟಿ ಒರೆಸಿದೆ. ಮಾರ್ಕೆಟ್ ಯಾರ್ಡಿನವರೆಗೆ ತಳ್ಳಿಕೊಂಡೇ ಹೋದೆ. ನನಗೆಲ್ಲಿ ಓಡಿಸಲು ಬರುತ್ತದೆ.

ಮಗಳು ಪ್ರಣಾಲಿ ಇದರ ಮೇಲೆ ಚಿಂತಾಕಿ ಹಳ್ಳಿಗೆ ಹೋಗಿ ಕೂಸುಗಳಿಗೆ ಸೂಜಿ ಹಾಕಿ ಬರುತ್ತಿದ್ದಳು. ಸರ್ಕಾರಿ ನರ್ಸು. ಕಾಮಾಲೆಯಲ್ಲಿ ಹೋದಳು. ಮೊನ್ನೆಗೆ ವರ್ಷವಾಯಿತು.

ಅವಳ ಹೆಸರಲ್ಲಿ ಕಲ್ಲಿನ ಬೆಂಚು ಹಾಕಿಸೋಣ ಅಂದ ತಮ್ಮ ಕೈಲಾಶ. ಯಾಕೆ, ನಾಯಿ ಮಲಗಲಿಕ್ಕೇನು? ಅವಳ ಗಾಡಿಯಲ್ಲಿ ಹೆಂಗಸರು ಗಾಡಿ ಕಲಿಯಲಿ. ಪುಕ್ಕಟೆ. ಕಲಿಸುವವಳು ಅವಳ ಗೆಳತಿ ರಾಧಿಕಾ. ಹಿಂದೆ ಓಡುವವನು, ಬೈಯುವವನು ನಾನು.

ಮೂವರು ಬಂದರು. ಆಬೇದಾ ಚುರುಕು. ಲಂಗ, ಬ್ಲೌಸ್ ಹೊಲಿದು ಊರೂರು ತಿರುಗಿ ಮಾರುವವಳು. ಬಸ್ ತಪ್ಪಿದರೆ ಆ ದಿನದ ವ್ಯಾಪಾರ ಹೋಯಿತು. ಮುಂದಿನ ತಿಂಗಳು ಭಾಲ್ಕಿಯಲ್ಲಿ ಅವಳ ಲೈಸೆನ್ಸ್ ಟೆಸ್ಟ್. ಪ್ರಣಾಲಿಯ ಗಾಡಿ ಕೊಡಿಸಿದ ಮೊದಲ ಲೈಸೆನ್ಸ್ ಅದಾಗಬೇಕು. ಆಗಲೇಬೇಕು.

19 ಜನವರಿ

ಹ್ಯಾಂಡಲಿಗೆ ಹಸಿರು ಬಟ್ಟೆಯ ಗಂಟು! ಆಬೇದಾ ಕಟ್ಟಿದ್ದು. ತಲೆ ಕೆಟ್ಟಿತು. ಬಾಬಾಸಾಹೇಬರ ಫೋಟೋ ಇರುವ ಮನೆ ನಮ್ಮದು. ತಾಯತ, ಲಿಂಬೆಹಣ್ಣು ಎಂದೂ ಹತ್ತಿರ ಸೇರಿಸಿಲ್ಲ.

"ನನ್ನ ಮಗಳ ಗಾಡಿಗಿ ದೆವ್ವ ಹಿಡದದೇನು?"

ಕತ್ತರಿಸಿ ಬಿಸಾಕಿದೆ. ಒಳಗಿಂದ ಒಂದು ರೂಪಾಯಿ ಉರುಳಿತು. ಆಬೇದಾ ಎತ್ತಿಕೊಂಡಳು. ಹೋದಳು.

26 ಜನವರಿ

ಯಾರೂ ಬರಲಿಲ್ಲ. ಯಾರ್ಡಿನಲ್ಲಿ ನಾನು, ಸ್ಕೂಟಿ, ಯಾರದೋ ಎರಡು ಎತ್ತು.

ಪಂಕ್ಚರ್ ಅಂಗಡಿಯ ದಸ್ತಗೀರನ ಮುಂದೆ ಗಂಟಿನ ವಿಷಯ ಹೇಳಿದೆ. ನಕ್ಕ, ಬದ್ಮಾಶ್.

"ಕಾಕಾ, ಅದು ದೆವ್ವ ಬಿಡಸೋದಲ್ರಿ. ಇಮಾಮ್ ಜಾಮಿನ್. ದೂರ ಹೊಂಟೋರಿಗಿ ಕಟ್ತೀವಿ. ಸುಖದಿಂದ ಮುಟ್ಟಿದ ಮ್ಯಾಲ ಅದರಾಗಿನ ರೂಪಾಯಿ ಇಲ್ಲದೋರಿಗಿ ಕೊಡ್ತೀವಿ."

"ಯಾರ್ಡಿನಾಗ ಸುತ್ತು ಹಾಕೋ ಗಾಡಿ ಎಲ್ಲಿ ದೂರ ಹೊಂಟದಲೇ?"

"ಆಕಿಗಿ ಭಾಲ್ಕಿ ಮುಟ್ಟಬೇಕಾಗ್ಯಾದಲ್ರಿ."

ಮನೆಯಲ್ಲಿ ಹೆಂಡತಿ ಅನುಸೂಯಾಬಾಯಿ ರೊಟ್ಟಿ ಬಡಿಯುತ್ತಲೇ ಕೇಳಿದಳು: "ಮಗಳ ಹೆಸರಿಲೆ ಧರ್ಮ ಮಾಡ್ತೀರೋ, ಜಗಳ ಮಾಡ್ತೀರೋ? ಮೊದಲ ಅದನ್ನ ಹೇಳ್ರಿ."

ರೊಟ್ಟಿ ತಿಂದೆ.

27 ಜನವರಿ

ಆಬೇದಾಳ ಮನೆಗೆ ಹೋದೆ. ಮಷಿನ್ ತುಳಿಯುತ್ತಲೇ ಇದ್ದಳು. ತಲೆ ಎತ್ತಲಿಲ್ಲ. ತಪ್ಪಾಯಿತು ಅನ್ನುವ ರೂಢಿ ನನಗಿಲ್ಲ.

"ಆ ರೂಪಾಯಿ ಅದನೋ, ಖರ್ಚ್ ಮಾಡಿದ್ಯೋ?"

"ಅದ ರೀ."

"ಹಂಗಾರ ಕಟ್ಟು."

"ಗಾಡಿಗಿ?"

"ನನಗ. ಭಾಲ್ಕಿಗಿ ನಾನೂ ಬರ್ತೇನಿ."

ಮಷಿನ್ ನಿಂತಿತು.

"ಕಾಕಾ, ಅಲ್ಲಿ ಸಾಹೇಬರ ಮುಂದ ಒದರೋದಿಲ್ಲಂದ್ರ ಕಟ್ತೇನ್ರಿ."

"ಅದೊಂದ ಆಗಂಗಿಲ್ಲ."

ನಕ್ಕಳು. ಅಬ್ಬಾ…

20 ಫೆಬ್ರವರಿ. ಸಂಜೆ

ರಟ್ಟೆಯಲ್ಲಿ ಇನ್ನೂ ಆಬೇದಾ ಕಟ್ಟಿದ ಗಂಟು ಇದೆ.

ರಾಧಿಕಾ, ಆಬೇದಾ ಸ್ಕೂಟಿಯಲ್ಲಿ ಭಾಲ್ಕಿಗೆ ಹೋದರು. ನಾನು ಬಸ್ಸಲ್ಲಿ. ನೆಲದ ಮೇಲೆ ಎಂಟರ ಗೆರೆ. ಅದರ ಮೇಲೆ ತಿರುಗಬೇಕು, ಕಾಲು ಊರಬಾರದು. ಕಾಂಪೌಂಡಿನ ಆಚೆ ನಿಂತು ಬಾಯಿಗೆ ಟವೆಲ್ ತುರುಕಿಕೊಂಡೆ. ಎರಡನೇ ತಿರುವಿನಲ್ಲಿ ವಾಲಿದಳು… ಕಾಲು ಇಟ್ಟೇಬಿಟ್ಟಳು ಅಂದುಕೊಂಡೆ… ಇಡಲಿಲ್ಲ.

ಪಾಸ್!

ಬರುವಾಗ ರಾಧಿಕಾ ಬಸ್ ಹತ್ತಿದಳು. "ಕೂಡ್ರಿ ಕಾಕಾ," ಅಂದಳು ಆಬೇದಾ. ಕೂತೆ. ಎರಡೂ ಕಡೆ ತೊಗರಿ ಕಟಾವಾದ ಹೊಲ. ಔರಾದ ಬರುವವರೆಗೆ ಒಂದು ಸಲವೂ ಒದರಲಿಲ್ಲ.

23 ಫೆಬ್ರವರಿ, ಭಾನುವಾರ

ಗಂಟು ಬಿಚ್ಚಿದೆ. ಮುಟ್ಟಿದ್ದಾಯಿತು, ರೂಪಾಯಿ ಯಾರಿಗೆ ಕೊಡುವುದು? ಪ್ರಣಾಲಿಯ ಟಿಫಿನ್ ಡಬ್ಬಿ ತಂದು ಅದರಲ್ಲಿ ಹಾಕಿದೆ. ಪಾಸಾದವರೆಲ್ಲ ಇದರಲ್ಲೇ ಒಂದು ಹಾಕಲಿ. ಮುಂದಿನವಳ ಪೆಟ್ರೋಲಿಗೆ. ಅನುಸೂಯಾಬಾಯಿ ಡಬ್ಬಿ ಎತ್ತಿ ಅಲ್ಲಾಡಿಸಿದಳು. ಸಪ್ಪಳ ಕೇಳಿ ನಕ್ಕಳು. ವರ್ಷದ ಮೇಲೆ.

ಇವತ್ತು ಏಳು ಜನ ಬಂದಿದ್ದಾರೆ, ಮನೆ ಬಾಗಿಲಿಗೇ. ಆಬೇದಾನೇ ಕಲಿಸುತ್ತಾಳಂತೆ. ಬೈಯುವುದು ಮಾತ್ರ ನನಗೇ ಬಿಟ್ಟಿದ್ದಾಳಂತೆ. ಕಿಟಕಿಯಿಂದ ಕಾಣುತ್ತಿದೆ. ಹೊಸ ಹುಡುಗಿ ಹತ್ತಿದಳು, ಚಾಲೂ ಮಾಡಿದಳು, ಸೈಡ್ ಸ್ಟ್ಯಾಂಡ್ ತೆಗೆಯದೇ ಹೊರಟಳಲ್ಲ, ಏ—