ಊಟ ಆಯ್ತಾ ಎಂದು ಕೇಳುತ್ತಿದ್ದವಳಿಗೆ

ನನ್ನ ಮುದ್ದು ದೊಡ್ಡಮ್ಮ,

ನಿನ್ನ ಸ್ಕೂಟರಿನ ಹಿಂದೆ ಕೂತು ಲಷ್ಕರ್ ಮೊಹಲ್ಲಾ ಸುತ್ತಿದ ಆ ಬೇಸಿಗೆ ರಜೆ ನೆನಪಿದೆಯಾ? ಕ್ಯಾನ್ಸರ್ ಬಂದವರು ಚಿಕಿತ್ಸೆಯ ನಂತರ ಹೇಗಿದ್ದಾರೆ ಎಂದು ಮನೆಮನೆಗೆ ಹೋಗಿ ತಿಳಿದು ಆಸ್ಪತ್ರೆಗೆ ಹೇಳುವುದು ನಿನ್ನ ಕೆಲಸ. ಆದರೆ 'ಬದುಕಿದ್ದಾರಾ?' ಎಂದು ನೀನು ಒಂದು ಬಾಗಿಲಲ್ಲೂ ಕೇಳಲಿಲ್ಲ. "ಅಮ್ಮಂದು ಊಟ ಆಯ್ತಾ?" ಅಷ್ಟೇ. "ಈಗ ಕೂತವ್ರೆ, ಬನ್ನಿ" ಅಂದರೆ ನಿನ್ನ ಮುಖದಲ್ಲಿ ಹಬ್ಬ. ಉತ್ತರ ಬರದಿದ್ದರೆ ಚಪ್ಪಲಿ ಬಿಟ್ಟು ಒಳಗೆ ಹೋಗಿ ಅವರ ಜೊತೆ ಸುಮ್ಮನೆ ಕೂರುತ್ತಿದ್ದೆ. ಅಷ್ಟು ಚೆಂದದ ಪ್ರಶ್ನೆ ನಿನಗೆ ಹೊಳೆದದ್ದಾದರೂ ಹೇಗೆ?

ನಾನು ನೀರು ಕುಡಿಯುವಾಗ ಕುತ್ತಿಗೆಯಲ್ಲಿ ಆಡಿದ ಗಂಟನ್ನು ಮೊದಲು ಕಂಡವಳೂ ನೀನೇ. ಥೈರಾಯ್ಡ್ ಕ್ಯಾನ್ಸರ್ ಎಂದು ಗೊತ್ತಾದ ದಿನ ನಾನು ಅಳುತ್ತಿದ್ದರೆ ನೀನು ತಲೆ ಸವರುತ್ತಾ ಹೇಳಿದೆ: "ಕರಾವಳಿ, ಕೇರಳದ ಕಡೆ ಇದು ಜಾಸ್ತಿ ಕಣೇ. ನಮ್ಮ ಕಡೆ ಕಮ್ಮಿ ಅಂತಾರೆ. ನಿಜವಾಗ್ಲೂ ಕಮ್ಮಿನೋ, ಕುತ್ತಿಗೆ ಸ್ಕ್ಯಾನ್ ಮಾಡಿಸೋರು ಕಮ್ಮಿನೋ, ನಂಗೆ ಅದೇ ಅನುಮಾನ. ಬೇಗ ಗೊತ್ತಾದೋರು ಮೊಮ್ಮಕ್ಕಳ ಮದ್ವೇಲಿ ಬಡಿಸ್ತಾವ್ರೆ. ತಡವಾಗಿ ಬಂದ ಹಳ್ಳಿಯೋರ ಮನೇಲೇ ನನ್ನ ಪ್ರಶ್ನೆಗೆ..."

ವಿದ್ಯಾರಣ್ಯಪುರಂನ ನಮ್ಮ ಮನೆಗೆ ಸುಹಾಸ್ ಕಡೆಯವರು ಹೆಣ್ಣು ನೋಡಲು ಬಂದ ದಿನ ಅಮ್ಮ ನನ್ನ ಕುತ್ತಿಗೆ ತುಂಬುವಂತೆ ಅಗಲದ ಚಿನ್ನದ ಅಡ್ಡಿಕೆ ತೊಡಿಸಿದಳು. "ಆಪರೇಷನ್ ಗುರುತು ಕಾಣಲ್ಲ ಬುಡು." ಕೇಸರಿಬಾತ್ ತಟ್ಟೆ ಹಿಡಿದಿದ್ದ ನೀನು ಅಲ್ಲೇ ನಿಂತೆ. "ಕುತ್ತಿಗೆ ಮುಚ್ತೀಯ, ದಿನಾ ಬೆಳಿಗ್ಗೆ ನುಂಗೋ ಮಾತ್ರೆ ಎಲ್ಲಿ ಮುಚ್ತೀಯೇ?" ನನ್ನ ಮುಖ ನೋಡಿದೆ. ಹೇಳು ಎಂಬಂತೆ ನಾನು ತಲೆಯಾಡಿಸಿದೆ. ನೀನು ಸೀದಾ ಹಜಾರಕ್ಕೆ ಹೋಗಿ ಹೇಳಿದೆ: "ಹುಡುಗೀಗೆ ಥೈರಾಯ್ಡ್ ಕ್ಯಾನ್ಸರ್ ಆಗಿತ್ತು ಕಣ್ರೀ. ಈಗ ಚೆನ್ನಾಗವ್ಳೆ. ಕೇಳೋದಿದ್ರೆ ಈಗ್ಲೇ ಕೇಳಿ." ಅವರು ಏನೂ ಕೇಳದೆ ಎದ್ದು ಹೋದರು. ಅಮ್ಮ ನಿನ್ನ ಜೊತೆ ಮಾತು ಬಿಟ್ಟಳು. ಮುಂದಿನ ಭಾನುವಾರ ಸುಹಾಸ್ ತನ್ನ ತಾಯಿಯನ್ನು ಕರೆದುಕೊಂಡು ಮತ್ತೆ ಬಂದ. "ದೊಡ್ಡಮ್ಮ, ಈಗ ಕೇಳ್ಬೋದಾ?" ಮಕ್ಕಳು, ಮಾತ್ರೆ, ತಪಾಸಣೆ, ಎಲ್ಲ ಕೇಳಿದರು. ನೀನು ಎಷ್ಟು ತಾಳ್ಮೆಯಿಂದ ಹೇಳಿದೆ! ಅಂದೇ ಹೂ ಮುಡಿಸಿ ಹೋದರು.

ನಿಂತೇ ಹೋದ ನಿನ್ನ ಹೃದಯ ನನ್ನ ಮದುವೆಯವರೆಗಾದರೂ ತಡೆಯಬಾರದಿತ್ತಾ ದೊಡ್ಡಮ್ಮ? ಇನ್ನು ಸ್ವಲ್ಪ ದಿನ...

ಧಾರೆಗೆ ನಾನು ಅಡ್ಡಿಕೆ ಹಾಕಲಿಲ್ಲ. ಬೇಡ ಅಂದವಳು ಅಮ್ಮನೇ!

ಮೊನ್ನೆ ನಿನ್ನ ಜಾಗಕ್ಕೆ ಬಂದ ಹುಡುಗಿ ಬೋಗಾದಿಯ ನಮ್ಮ ಬಾಡಿಗೆ ಮನೆಗೆ ಬಂದಿದ್ದಳು, ನನ್ನನ್ನು ವಿಚಾರಿಸಲು. ಬಾಗಿಲು ತೆರೆದದ್ದು ನನ್ನ ಗಂಡ (ಅಯ್ಯೋ, ಹೀಗೆ ಬರೆಯಲು ಇನ್ನೂ ನಗು ಬರುತ್ತದೆ!). ಪಾಪ, ಹೊಸಬಳು. "ಸರ್, ಅವರು... ಅಂದ್ರೆ, ಈಗ..." ಎಂದು ತಡವರಿಸಿದಳು. ನಿನ್ನ ಕಥೆಗಳನ್ನು ನನ್ನಿಂದ ಕೇಳಿ ಕೇಳಿ ಪಳಗಿರುವ ಸುಹಾಸ್ ಮೆಲ್ಲಗೆ ಹೇಳಿದ: "ಊಟ ಆಯ್ತಾ ಅಂತ ಕೇಳಿ ಕಣಮ್ಮ."

ಅವಳು ಕೇಳಿದಳು. ಸಾರಿಗೆ ಒಗ್ಗರಣೆ ಹಾಕುತ್ತಿದ್ದ ನಾನು ಬೀದಿಗೆಲ್ಲ ಕೇಳುವಂತೆ ಕೂಗಿದೆ, ದೊಡ್ಡಮ್ಮ: "ಇನ್ನೂ ಇಲ್ಲ! ನೀವೂ ಬನ್ನಿ, ಒಟ್ಟಿಗೆ ಕೂರೋಣ!"

ನಿನ್ನ ಪುಟ್ಟಿ