ನೂರೊಂದು ಡಿಗ್ರಿ ಜ್ವರ

ಡಾಕ್ಟರ್ ಸಂಧ್ಯಾರಾಣಿ ಮೇಡಂ, ನಮಸ್ಕಾರ.

ನಿಮ್ಮ ಪ್ರಯೋಗದ ಕ್ಯಾನ್ಸರ್ ಲಸಿಕೆ ಹಾಕಿಸಿಕೊಂಡ ಮೇಲೆ ನನ್ನ ಹೆಂಡತಿ ಪ್ರೇಮಾ ಊಟ ಬಿಟ್ಟಿದ್ದಳು. ಮೂವತ್ತು ವರ್ಷ ನರ್ಸಾಗಿ ಊರಿನ ಕೂಸುಗಳಿಗೆಲ್ಲ ಸೂಜಿ ಹಾಕಿದವಳು. "ಜ್ವರ ಬಂದ್ರೆ ಹೆದರಬ್ಯಾಡ್ರಿ, ಲಸಿಕೆ ಕೆಲಸ ಮಾಡಾಕೆ ಹತ್ತೈತೆ" ಎಂದು ತಾಯಂದಿರಿಗೆ ಹೇಳುತ್ತಿದ್ದವಳಿಗೆ ಈಗ ಜ್ವರವೇ ಬರಲಿಲ್ಲ. ಬರಲೇಬೇಕೆಂದಿಲ್ಲ ಎಂದು ನೀವು ಹೇಳಿದರೂ ನಂಬದೆ, ಲಸಿಕೆ ಕೆಲಸ ಮಾಡಿಲ್ಲವೆಂದು ಕೊರಗುತ್ತಿದ್ದಳು.

ನೋಡಲಾಗದೆ, ನಿನ್ನೆ ಥರ್ಮಾಮೀಟರನ್ನು ಬೆಚ್ಚನೆ ನೀರಿಗೆ ಅದ್ದಿ ನೂರೊಂದು ಡಿಗ್ರಿ ತೋರಿಸಿದೆ. "ಬಂತು ನೋಡ್ರೀ!" ಎಂದು ನಕ್ಕು ಎರಡು ರೊಟ್ಟಿ ತಿಂದಳು.

ನಿಮ್ಮ ದಾಖಲೆ ತಪ್ಪಾಗಬಾರದೆಂದು, ದಿನದ ಜ್ವರ ಬರೆದಿಡಲು ನೀವು ಅವಳಿಗೆ ಕೊಟ್ಟ ಡೈರಿಯನ್ನು ತಿದ್ದಲು ಇವತ್ತು ತೆರೆದೆ. ಅವಳು ಬರೆದಿದ್ದಳು: "ಜ್ವರ ಇಲ್ಲ. ಯಜಮಾನರು ಥರ್ಮಾಮೀಟರ್ ನೀರಿಗೆ ಅದ್ದಿದ್ದಾರೆ. ಅವರ ಸಮಾಧಾನಕ್ಕೆ ಎರಡು ರೊಟ್ಟಿ ತಿಂದೆ."

ಮುಂದಿನ ವಾರ ಅವಳು ಡೈರಿ ತಂದಾಗ, ನಾನು ಓದಿದ್ದೇನೆಂದು ದಯವಿಟ್ಟು ಹೇಳಬೇಡಿ. ಸಂಜೆ ಮತ್ತೆ ಜ್ವರ ತೋರಿಸಿ ಊಟ ಮಾಡಿಸಬೇಕಿದೆ.

ಇಂತಿ,
ಪ್ರೇಮಾಳ ಯಜಮಾನ ಹಾಲೇಶಪ್ಪ
ಗೋವಿನಕೋವಿ, ನ್ಯಾಮತಿ ತಾಲ್ಲೂಕು